ತಲೆಯೊಳಗೆ ಹಲ್ಲಿಯೂ ಇಲ್ಲ, ಗುಹಾಮಾನವನೂ ಇಲ್ಲ

ಬೆಂಗಳೂರಿನ ಕಂಪನಿಗಳ ತರಬೇತಿ ಕೋಣೆಗಳಲ್ಲಿ, ವ್ಯಕ್ತಿತ್ವ ವಿಕಸನದ ಶಿಬಿರಗಳಲ್ಲಿ, ಯೂಟ್ಯೂಬಿನ ಪ್ರೇರಣಾ ಭಾಷಣಗಳಲ್ಲಿ ಒಂದು ಚಿತ್ರ ಪದೇ ಪದೇ ಪರದೆಗೆ ಬರುತ್ತದೆ. ಸೀಳಿದ ಮಿದುಳಿಗೆ ಮೂರು ಬಣ್ಣ. ತೀರಾ ಒಳಗಿರುವುದು ಹಲ್ಲಿಯ ಮಿದುಳು; ಹಸಿವು, ಕಾಮ, ಕ್ರೋಧ ಅದರ ಖಾತೆ. ಅದನ್ನು ಸುತ್ತಿಕೊಂಡಿರುವುದು ಸಸ್ತನಿಯ ಮಿದುಳು. ಮಮತೆ, ಭಯ, ದುಃಖ ಅದಕ್ಕೆ ಸೇರಿದ್ದು. ಎಲ್ಲಕ್ಕೂ ಮೇಲೆ ಮನುಷ್ಯನ ಮಿದುಳು. ತರ್ಕ, ಲೆಕ್ಕಾಚಾರ, ವಿವೇಕ ಅಲ್ಲಿ. ಸಿಟ್ಟು ನೆತ್ತಿಗೇರಿದಾಗ ಹಲ್ಲಿ ಅಧಿಕಾರ ಹಿಡಿಯುತ್ತದೆ ಎಂದು ಭಾಷಣಕಾರರು ಹೇಳುತ್ತಾರೆ, ಸಭೆ ತಲೆದೂಗುತ್ತದೆ. ಇದರ ಬೆನ್ನಿಗೇ ಇನ್ನೊಂದು ಕಥೆ ಬರುತ್ತದೆ. ನಮ್ಮ ಮಿದುಳು ಶಿಲಾಯುಗದಲ್ಲೇ ಸಿದ್ಧವಾಗಿ ನಿಂತುಬಿಟ್ಟಿದೆಯಂತೆ. ಗಂಡು ಬೇಟೆಗೆಂದು ಹುಟ್ಟಿದವನು, ಹೆಣ್ಣು ಗುಹೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಹುಟ್ಟಿದವಳು. ಗಂಡಸಿಗೆ ದಾರಿ ನೆನಪಿರುವುದು, ಹೆಂಗಸಿಗೆ ಗುಲಾಬಿ ಬಣ್ಣ ಹಿಡಿಸುವುದು, ಬೇರೆಯವರನ್ನು ಕಂಡರೆ ಮನಸ್ಸು ಮುದುಡುವುದು, ಎಲ್ಲವೂ ಅಲ್ಲಿಂದ ಬಂದ ಆಸ್ತಿಯಂತೆ.

ಈ ಎರಡೂ ಕಥೆಗಳು ಸುಳ್ಳು. ಮನುಷ್ಯ ವಾನರ ಮೂಲದವನಲ್ಲ ಎಂದು ವಾದಿಸುವವರು ಅವನ್ನು ಅಲ್ಲಗಳೆಯುವ ರೀತಿ ಬೇರೆ. ಅವರ ಜೊತೆ ಇಲ್ಲಿ ಯಾವ ಒಪ್ಪಂದವೂ ಇಲ್ಲ. ಮನುಷ್ಯನ ಮಿದುಳು ಕೋಟ್ಯಂತರ ವರ್ಷಗಳ ಜೀವವಿಕಾಸದ ಫಲ ಎಂಬುದು ಪ್ರಶ್ನಾತೀತ. ಆ ವಿಕಾಸದ ನಿಜವಾದ ಇತಿಹಾಸವನ್ನು ಓದಿದವರಿಗೇ ಹಲ್ಲಿಯ ಕಥೆಯೂ ಗುಹೆಯ ಕಥೆಯೂ ನಿಲ್ಲುವುದಿಲ್ಲವೆಂದು ಸ್ಪಷ್ಟವಾಗುತ್ತದೆ. ವಿಕಾಸ ನಮ್ಮ ಕೈಗಿತ್ತಿರುವುದು ಹುಟ್ಟುವಾಗ ಅರೆಬರೆಯಾಗಿರುವ, ಇತರರ ನಡುವೆ ಬೆಳೆದು ರೂಪುಗೊಳ್ಳುವ ಒಂದು ಅಂಗವನ್ನು. ‘ಅದು ರಕ್ತದಲ್ಲೇ ಇದೆ’ ಎಂಬ ಮಾತಿನಿಂದ ಮುಚ್ಚಿಹೋಗುವುದು ಈ ಸಂಗತಿಯೇ.

ಮೊದಲು ಹಲ್ಲಿಯನ್ನು ನೋಡೋಣ. ಈ ಕಲ್ಪನೆಯನ್ನು 1960ರ ದಶಕದಲ್ಲಿ ರೂಪಿಸಿದವರು ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿದ್ದ ಪಾಲ್ ಮ್ಯಾಕ್‌ಲೀನ್. ಅವರಿಗಿಂತ ಮೊದಲು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಫ್ರಾಂಕ್‌ಫರ್ಟಿನ ಲುಡ್ವಿಗ್ ಎಡಿಂಗರ್ ಕೂಡ ವಿಕಾಸವೆಂದರೆ ಹಳೆಯ ಮಿದುಳಿನ ಮೇಲೆ ಹೊಸ ಪದರಗಳು ಕೂಡುತ್ತ ಹೋಗುವುದು ಎಂದು ಭಾವಿಸಿದ್ದರು. ಹಳೆಯ ಮನೆಯನ್ನು ಹಾಗೆಯೇ ಉಳಿಸಿಕೊಂಡು ಮೇಲೆ ಒಂದು ಮಹಡಿ, ಅದರ ಮೇಲೆ ಇನ್ನೊಂದು ಮಹಡಿ ಕಟ್ಟಿದ ಹಾಗೆ. 1977ರಲ್ಲಿ ಕಾರ್ಲ್ ಸೇಗನ್ ತಮ್ಮ ‘ಡ್ರ್ಯಾಗನ್ಸ್ ಆಫ್ ಈಡನ್’ ಪುಸ್ತಕದಲ್ಲಿ ಮ್ಯಾಕ್‌ಲೀನರ ಚಿತ್ರವನ್ನು ಲಕ್ಷಾಂತರ ಓದುಗರಿಗೆ ತಲುಪಿಸಿದರು. ಮರುವರ್ಷ ಆ ಪುಸ್ತಕಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಸೇಗನ್ ದೊಡ್ಡ ವಿಜ್ಞಾನಿ, ಅಪರೂಪದ ಬರಹಗಾರ. ಆದರೂ ಅವರ ಪುಸ್ತಕ ಪ್ರಕಟವಾಗುವ ಹೊತ್ತಿಗೇ ಆ ಚಿತ್ರದ ಬುಡ ಅಲುಗಾಡುತ್ತಿತ್ತು.

ಅಲುಗಿಸಿದ್ದು ಪಾರಿವಾಳ. 1960ರ ದಶಕದಲ್ಲಿ ಹಾರ್ವೆ ಕಾರ್ಟೆನ್ ಎಂಬ ವಿಜ್ಞಾನಿ ಹಕ್ಕಿಯ ಮಿದುಳಿನ ನರಮಾರ್ಗಗಳನ್ನು ಬಿಡಿಸಿ ನೋಡಿದರು. ಹಕ್ಕಿಗೆ ಮೇಲ್ಪದರವೇ ಇಲ್ಲ, ಇರುವುದೆಲ್ಲ ಹಳೆಯ ಕೆಳಭಾಗವಷ್ಟೇ ಎಂದು ಅಲ್ಲಿಯವರೆಗೆ ಪಾಠ ಹೇಳಲಾಗುತ್ತಿತ್ತು. ಕಾರ್ಟೆನ್‌ಗೆ ಕಂಡದ್ದು ಬೇರೆ: ನಮ್ಮ ಮಿದುಳಿನ ತೊಗಟೆಯಲ್ಲಿ, ಅಂದರೆ ಹೊರಪದರದಲ್ಲಿ, ಕಾಣುವ ಅದೇ ಬಗೆಯ ಜೋಡಣೆಗಳು ಹಕ್ಕಿಯಲ್ಲೂ ಇದ್ದವು, ಬೇರೆ ಆಕಾರದಲ್ಲಿ. ಇದನ್ನು ವಿಜ್ಞಾನಲೋಕ ಪೂರ್ತಿ ಒಪ್ಪಲು ದಶಕಗಳೇ ಹಿಡಿದವು. ಕೊನೆಗೆ 2004–05ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಸೇರಿ ಹಕ್ಕಿಯ ಮಿದುಳಿನ ಭಾಗಗಳ ಹಳೆಯ ಹೆಸರುಗಳನ್ನೇ ಕೈಬಿಟ್ಟು ಹೊಸ ಹೆಸರಿಟ್ಟರು. ಉಪಕರಣ ಮಾಡಿಕೊಳ್ಳುವ, ಮುಂದಿನ ಹೊತ್ತಿಗೆಂದು ಆಹಾರ ಬಚ್ಚಿಡುವ, ಬಚ್ಚಿಟ್ಟದ್ದನ್ನು ನೋಡಿದವರು ಯಾರೆಂದು ನೆನಪಿಡುವ ಕಾಗೆಯ ಬಂಧುಗಳು ಬರೀ ಕೆಳಮನೆಯಲ್ಲಿ ಬದುಕುತ್ತಿಲ್ಲ ಎಂದು ಅಧಿಕೃತವಾಗಿ ದಾಖಲಾಯಿತು.

ಹಲ್ಲಿಯ ಮಿದುಳೆಂದು ಕರೆಸಿಕೊಳ್ಳುವ ಒಳಭಾಗದ ಕಥೆ ಇನ್ನೂ ಸ್ವಾರಸ್ಯಕರ. ಚಲನೆಯನ್ನು, ರೂಢಿಯನ್ನು, ಯಾವ ಕ್ರಿಯೆಗೆ ಕೈಹಾಕಬೇಕು ಎಂಬ ಆಯ್ಕೆಯನ್ನು ನಿಭಾಯಿಸುವ ಬೇಸಲ್ ಗ್ಯಾಂಗ್ಲಿಯಾ ಎಂಬ ನರಕೋಶಗುಚ್ಛಗಳು ಅಲ್ಲಿವೆ. ಸ್ಟಾಕ್‌ಹೋಮಿನ ಸ್ಟೆನ್ ಗ್ರಿಲ್ನರ್ ಮತ್ತು ಸಂಗಡಿಗರು ಇದೇ ರಚನೆಯನ್ನು ಲ್ಯಾಂಪ್ರೇ ಎಂಬ ದವಡೆಯಿಲ್ಲದ ಮೀನಿನಲ್ಲಿ ಹೆಚ್ಚುಕಡಿಮೆ ಇದ್ದಂತೆಯೇ ಕಂಡರು. ಆ ಮೀನಿನ ವಂಶ ನಮ್ಮ ವಂಶದಿಂದ ಬೇರೆಯಾಗಿ 50 ಕೋಟಿ ವರ್ಷಗಳಾಗಿವೆ. ಆಗ ನೆಲದ ಮೇಲೆ ಹಲ್ಲಿಯ ಸುಳಿವೇ ಇರಲಿಲ್ಲ. ಭಾವನೆಗಳಿಗೆ ಸಂಬಂಧಿಸಿದ ಅಮಿಗ್ಡಲಾ, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್, ಇವುಗಳಿಗೆ ಸಾಟಿಯಾದ ಭಾಗಗಳು ಮೀನಿನಲ್ಲೂ ಹಲ್ಲಿಯಲ್ಲೂ ಇವೆ. ಹಲ್ಲಿಗೂ ಒಂದು ತೊಗಟೆಯಿದೆ. ಬೆನ್ನೆಲುಬಿನ ಎಲ್ಲ ಪ್ರಾಣಿಗಳ ಮಿದುಳೂ ಒಂದೇ ಮೂಲ ನಕ್ಷೆಯ ಮೇಲೆ ಕಟ್ಟಿದ್ದು. ಪ್ರತಿ ವಂಶದಲ್ಲೂ ಕೆಲವು ಭಾಗ ಹಿಗ್ಗಿವೆ, ಕೆಲವು ಕುಗ್ಗಿವೆ, ಎಲ್ಲ ಭಾಗಗಳ ನಡುವಿನ ಹೆಣಿಗೆ ಬದಲಾಗಿದೆ. ಮೇಲಾಗಿ, ನಾವು ಇವತ್ತಿನ ಹಲ್ಲಿಯಿಂದ ಬಂದವರಲ್ಲ. ಸುಮಾರು 32 ಕೋಟಿ ವರ್ಷಗಳ ಹಿಂದೆ ನಮಗೂ ಅದಕ್ಕೂ ಒಬ್ಬ ಸಮಾನ ಪೂರ್ವಜನಿದ್ದ. ಅಲ್ಲಿಂದಾಚೆಗೆ ನಾವು ಎಷ್ಟು ವಿಕಾಸಗೊಂಡಿದ್ದೇವೋ ಅಷ್ಟೇ ಕಾಲ ಗೋಡೆಯ ಮೇಲಿನ ಹಲ್ಲಿಯೂ ವಿಕಾಸಗೊಂಡಿದೆ.

ಇದು ತಜ್ಞರ ಗುಟ್ಟೇನಲ್ಲ. ಆದರೂ 2020ರಲ್ಲಿ ಅಮೆರಿಕದ ಮೂವರು ಸಂಶೋಧಕರು ಮನೋವಿಜ್ಞಾನದ ಆರಂಭಿಕ ಪಠ್ಯಪುಸ್ತಕಗಳನ್ನು ಪರಿಶೀಲಿಸಿದಾಗ, ಮಿದುಳಿನ ವಿಕಾಸವನ್ನು ಪ್ರಸ್ತಾಪಿಸಿದ ಪುಸ್ತಕಗಳಲ್ಲಿ ಬಹುಪಾಲು ಅದೇ ಪದರದ ತಪ್ಪನ್ನು ಹೇಳುತ್ತಿದ್ದವು. ಅಮೆರಿಕದ ಪಠ್ಯಪುಸ್ತಕವೇ ಹೀಗಿರುವಾಗ ಬೆಂಗಳೂರಿನ ತರಬೇತುದಾರರನ್ನಷ್ಟೇ ದೂರಿ ಫಲವಿಲ್ಲ. ಅಷ್ಟು ಗಟ್ಟಿಯಾಗಿ ಈ ಚಿತ್ರ ಅಂಟಿಕೊಂಡಿದ್ದೇಕೆ? ಅದು ಹಳೆಯ ಧರ್ಮೋಪದೇಶದ ಹೊಸ ವೇಷ. ದೇಹ ಕೀಳು, ಬುದ್ಧಿ ಮೇಲು. ಭಾವನೆ ಪಶು, ತರ್ಕ ದೇವರು. ಅರಿಷಡ್ವರ್ಗಕ್ಕೆ ಒಂದು ಅಂಗರಚನೆಯ ವಿಳಾಸ ಸಿಕ್ಕಿತು. ಕೆಟ್ಟದ್ದನ್ನು ಮಾಡಿದವನಿಗೆ ‘ಅದು ನಾನಲ್ಲ, ಹಲ್ಲಿ’ ಎನ್ನುವ ಅನುಕೂಲವೂ ಸಿಕ್ಕಿತು.

ವಾಸ್ತವದಲ್ಲಿ ಮನುಷ್ಯನ ಕ್ರೌರ್ಯಗಳಲ್ಲಿ ಅತಿ ಭೀಕರವಾದವು ‘ಹಲ್ಲಿ’ ಮಾಡುವಂಥವಲ್ಲ. ಪಟ್ಟಿ ತಯಾರಿಸಿ, ರೈಲು ವೇಳಾಪಟ್ಟಿ ಹಾಕಿ, ಅನಿಲ ಕೋಣೆ ಕಟ್ಟಿ ಜನರನ್ನು ಕೊಂದವರು ಉದ್ವೇಗದಲ್ಲಿ ಕೊಂದವರಲ್ಲ. ಅವರಲ್ಲಿ ದುಡಿಯುತ್ತಿದ್ದದ್ದು ಮೂರನೆಯ ಬಣ್ಣ ಬಳಿದ, ಲೆಕ್ಕಾಚಾರದ ಭಾಗವೇ.

ಇನ್ನು ಬೇಟೆಗಾರ ಪೂರ್ವಜನ ಕಥೆ. ಇದರ ಹುಟ್ಟೂರು ದಕ್ಷಿಣ ಆಫ್ರಿಕ. 1924ರಲ್ಲಿ ಅಲ್ಲಿನ ಟೌಂಗ್ ಎಂಬಲ್ಲಿಯ ಸುಣ್ಣಕಲ್ಲಿನ ಗಣಿಯಲ್ಲಿ ಮೂರು-ನಾಲ್ಕು ವರ್ಷದ ಒಂದು ಮಗುವಿನ ತಲೆಬುರುಡೆ ಸಿಕ್ಕಿತು. ಅದನ್ನು ಅಧ್ಯಯನ ಮಾಡಿದ ರೇಮಂಡ್ ಡಾರ್ಟ್ ಅದಕ್ಕೆ ಆಸ್ಟ್ರಲೋಪಿಥೆಕಸ್ ಎಂದು ಹೆಸರಿಟ್ಟರು. ಚಿಕ್ಕ ಮಿದುಳಿನ, ಎರಡು ಕಾಲಿನ ಮೇಲೆ ನಡೆಯುವ ನಮ್ಮ ಪೂರ್ವ ಬಂಧು ಎಂದರು. ಯುರೋಪಿನ ಪಂಡಿತರು ನಂಬಲಿಲ್ಲ. ಅವರ ಕೈಯಲ್ಲಿ ಆಗ 1912ರಲ್ಲಿ ಇಂಗ್ಲೆಂಡಿನಲ್ಲಿ ಸಿಕ್ಕಿದ್ದ ಪಿಲ್ಟ್‌ಡೌನ್ ಬುರುಡೆ ಇತ್ತು: ದೊಡ್ಡ ಮಿದುಳು, ವಾನರನ ದವಡೆ. ಮೊದಲು ಬುದ್ಧಿ ಬೆಳೆಯಿತು, ಆಮೇಲೆ ಉಳಿದದ್ದೆಲ್ಲ ಎಂದು ನಂಬಲು ಇಷ್ಟವಿದ್ದವರಿಗೆ ಹೇಳಿ ಮಾಡಿಸಿದ ಸಾಕ್ಷಿ. ನಿಜಕ್ಕೂ ಅದು ಮಾಡಿಸಿದ್ದೇ. 1953ರಲ್ಲಿ ಆ ಬುರುಡೆ ನಕಲಿ ಎಂದು ಸಾಬೀತಾಯಿತು. ಡಾರ್ಟ್ ಗೆದ್ದರು.

ಗೆದ್ದ ಡಾರ್ಟ್ ಅದೇ ವರ್ಷ ತಾವೇ ಒಂದು ಹಳ್ಳಕ್ಕೆ ಬಿದ್ದರು. ಮಕಪಾನ್ಸ್‌ಗಟ್ ಗುಹೆಯಲ್ಲಿ ಸಿಕ್ಕ ಮುರಿದ ಮೂಳೆಗಳ ರಾಶಿಯನ್ನು ನೋಡಿ, ಇವೆಲ್ಲ ನಮ್ಮ ಪೂರ್ವಜರು ಬಳಸಿದ ಆಯುಧಗಳು, ಅವರು ರಕ್ತದಾಹಿ ಕೊಲೆಗಾರರಾಗಿದ್ದರು, ಮನುಷ್ಯತ್ವ ಹುಟ್ಟಿದ್ದೇ ಕೊಲೆಯಿಂದ ಎಂದು 1953ರಲ್ಲಿ ಬರೆದರು. ನಾಟಕಕಾರ ರಾಬರ್ಟ್ ಆರ್ಡ್ರಿ 1961ರ ‘ಆಫ್ರಿಕನ್ ಜೆನೆಸಿಸ್’ ಪುಸ್ತಕದಲ್ಲಿ ಇದನ್ನು ಜಗತ್ತಿಗೆಲ್ಲ ಸಾರಿದರು. 1968ರಲ್ಲಿ ಸ್ಟ್ಯಾನ್ಲಿ ಕುಬ್ರಿಕ್ ತಮ್ಮ ‘2001’ ಚಿತ್ರದ ಆರಂಭದಲ್ಲಿ ಮೂಳೆ ಹಿಡಿದು ಹೊಡೆಯುವ ವಾನರನನ್ನು ತೋರಿಸಿದರು. ಎರಡು ಮಹಾಯುದ್ಧ, ಹಿರೋಶಿಮಾ ನೋಡಿ ಬೆಂದಿದ್ದ ಪೀಳಿಗೆಗೆ ಆ ವಿವರಣೆ ಒಗ್ಗಿಹೋಯಿತು.

ಅದನ್ನು ಕೆಡವಿದವರು ಬಾಬ್ ಬ್ರೈನ್. ದಕ್ಷಿಣ ಆಫ್ರಿಕದವರೇ. ಸ್ವಾರ್ಟ್‌ಕ್ರಾನ್ಸ್ ಗುಹೆಯ ಮೂಳೆಗಳನ್ನು ದಶಕಗಳ ಕಾಲ ತಾಳ್ಮೆಯಿಂದ ಪರೀಕ್ಷಿಸಿದ ಅವರು, ಚಿರತೆ ಮತ್ತು ಕತ್ತೆಕಿರುಬ ತಿಂದು ಬಿಟ್ಟ ಮೂಳೆಗಳ ಜೊತೆ ಹೋಲಿಸಿದರು. ಮುರಿದಿರುವ ರೀತಿ ಒಂದೇ. ಒಂದು ಎಳೆಯ ಬುರುಡೆಯ ಹಿಂಭಾಗದಲ್ಲಿ ಎರಡು ತೂತುಗಳಿದ್ದವು. ಚಿರತೆಯ ಕೋರೆಹಲ್ಲುಗಳು ಅವಕ್ಕೆ ಸರಿಯಾಗಿ ಕೂತವು. 1981ರಲ್ಲಿ ಬಂದ ಅವರ ಪುಸ್ತಕದ ಹೆಸರೇ ನಮ್ಮ ಪೂರ್ವಜರು ಬೇಟೆಗಾರರೋ ಬೇಟೆಯೋ ಎಂದು ಕೇಳುತ್ತದೆ. ಟೌಂಗ್ ಮಗುವಿನ ಸಾವಿಗೂ ಮುಂದೆ ಉತ್ತರ ಸಿಕ್ಕಿತು. ಅದನ್ನು ಒಂದು ದೊಡ್ಡ ಹದ್ದು ಹೊತ್ತೊಯ್ದಿತ್ತು ಎಂದು 1995ರಲ್ಲಿ ಲೀ ಬರ್ಗರ್ ಮತ್ತು ರಾನ್ ಕ್ಲಾರ್ಕ್ ವಾದಿಸಿದರು. ಇಂದಿಗೂ ಆಫ್ರಿಕದ ಹದ್ದುಗಳು ಕೊಲ್ಲುವ ಕೋತಿಗಳ ಕಣ್ಣುಗೂಡಿನೊಳಗೆ ಕಾಣುವಂಥ ಗುರುತುಗಳೇ ಆ ಬುರುಡೆಯಲ್ಲೂ ಇದ್ದವು. ಕೊಲೆಗಾರ ವಾನರ ಎಂಬ ಕಥೆಯನ್ನು ಯಾವ ಮೂಳೆಗಳ ಮೇಲೆ ಕಟ್ಟಲಾಗಿತ್ತೋ ಅಂಥ ಮೂಳೆಗಳು ಹೇಳುತ್ತಿದ್ದದ್ದು ಚಿರತೆ-ಕತ್ತೆಕಿರುಬಗಳ ಹಸಿವಿನ ವಿಚಾರವನ್ನು. ಕಥೆ ಸತ್ತಿತು, ಅದರಿಂದ ಹುಟ್ಟಿದ ಮಾತುಗಳು ಮಾತ್ರ ಇನ್ನೂ ತಿರುಗಾಡುತ್ತಿವೆ.

1966ರಲ್ಲಿ ಷಿಕಾಗೊದಲ್ಲಿ ನಡೆದ ‘ಮ್ಯಾನ್ ದ ಹಂಟರ್’ ಸಮ್ಮೇಳನದ ಕತೆಯೂ ಹೀಗೆಯೇ. ಹೆಸರು ಬೇಟೆಗಾರನದ್ದು. ಅದೇ ಸಮ್ಮೇಳನದಲ್ಲಿ ರಿಚರ್ಡ್ ಲೀ ಮಂಡಿಸಿದ ಅಂಕಿಅಂಶ ಮಾತ್ರ ಹೆಸರಿಗೆ ಎದುರಾಗಿತ್ತು: ಕಲಹಾರಿಯ ಕುಂಗ್ ಜನರ ಊಟದಲ್ಲಿ ಹೆಚ್ಚಿನ ಪಾಲು ಬರುತ್ತಿದ್ದದ್ದು ಹೆಂಗಸರು ಆಯ್ದು ತರುವ ಕಾಯಿ, ಬೀಜ, ಗೆಡ್ಡೆಗಳಿಂದ. ಫಿಲಿಪ್ಪೀನ್ಸಿನ ಅಗ್ಟಾ ಹೆಂಗಸರು ಬಿಲ್ಲು ಹಿಡಿದು, ನಾಯಿಗಳ ಜೊತೆ ಕಾಡುಹಂದಿಯ ಬೇಟೆಗೆ ಹೋಗುತ್ತಿದ್ದದ್ದು ದಾಖಲಾಗಿದೆ. 2020ರಲ್ಲಿ ಪೆರು ದೇಶದ ಪರ್ವತಗಳಲ್ಲಿ 9,000 ವರ್ಷ ಹಳೆಯ ಸಮಾಧಿಯೊಂದರಿಂದ ಬೇಟೆಯ ಸಲಕರಣೆಗಳ ಪೂರ್ತಿ ಕಟ್ಟು ಹೊರಬಂತು. ಪಕ್ಕದಲ್ಲಿದ್ದದ್ದು ತರುಣಿಯೊಬ್ಬಳ ಅಸ್ಥಿಪಂಜರ. ಕೆಲಸ ಹಂಚಿಕೆ ಎಲ್ಲ ಸಮಾಜಗಳಲ್ಲೂ ಇದೆ, ಹಲವೆಡೆ ದೊಡ್ಡ ಬೇಟೆ ಗಂಡಸರದ್ದೇ ಎಂಬುದು ನಿಜ. ಆದರೆ ಗುಹೆಯಲ್ಲಿ ಕೂತು ಗಂಡನ ದಾರಿ ಕಾಯುವ ಹೆಂಗಸು ವಿಕಾಸದ ಇತಿಹಾಸದಲ್ಲಿ ಎಲ್ಲಿಯೂ ಇಲ್ಲ. ಅವಳು ಇಪ್ಪತ್ತನೆಯ ಶತಮಾನದ ನಗರವಾಸಿ ಗೃಹಿಣಿ. ಅವಳ ಕಾಲವನ್ನು ಹಿಂದಕ್ಕೆ ತಳ್ಳಿ ಶಿಲಾಯುಗವೆಂದು ಹೆಸರಿಟ್ಟಿದ್ದಾರೆ.

ಧಾರವಾಡಕ್ಕೂ ಈ ವಾದದಲ್ಲಿ ಒಂದು ಪಾತ್ರವಿದೆ. 1960ರ ದಶಕದ ಆರಂಭದಲ್ಲಿ ಕ್ಯೋಟೊ ವಿಶ್ವವಿದ್ಯಾಲಯದ ಯುಕಿಮಾರು ಸುಗಿಯಾಮಾ ಧಾರವಾಡದ ಸುತ್ತಲಿನ ಕಾಡುಗಳಲ್ಲಿ ಮುಸಿಯಗಳ ಬೆನ್ನುಬಿದ್ದರು. ಅಲ್ಲಿ ಒಂದು ಗಂಡು, ಹಲವು ಹೆಣ್ಣು, ಮರಿಗಳ ಗುಂಪುಗಳು. ಹೆಣ್ಣಿಲ್ಲದ ಗಂಡುಗಳದ್ದೇ ಬೇರೆ ತಂಡಗಳು. ಅಂಥ ಒಂದು ತಂಡ ಗುಂಪಿನ ಮೇಲೆ ಎರಗಿ ಹಳೆಯ ಗಂಡನ್ನು ಓಡಿಸಿತು. ಉಳಿದುಕೊಂಡ ಹೊಸ ಗಂಡು ಎಳೆಯ ಮರಿಗಳನ್ನು ಕಚ್ಚಿತು. ಮರಿಗಳು ಒಂದೊಂದಾಗಿ ಇಲ್ಲವಾದವು. ತಾಯಿಗಳು ಬೇಗನೆ ಬೆದೆಗೆ ಬಂದವು. 1965ರಲ್ಲಿ ಪ್ರಕಟವಾದ ಈ ವರದಿ ಪ್ರಾಣಿವರ್ತನೆಯ ಅಧ್ಯಯನವನ್ನೇ ತಲ್ಲಣಗೊಳಿಸಿತು. ಅದಕ್ಕೆ ಸ್ವಲ್ಪ ಮೊದಲು ಉತ್ತರ ಭಾರತದಲ್ಲಿ ಇದೇ ಮುಸಿಯಗಳನ್ನು ನೋಡಿದ್ದ ಫಿಲಿಸ್ ಜೇ ಅವನ್ನು ಶಾಂತ ಸ್ವಭಾವದವೆಂದು ವರ್ಣಿಸಿದ್ದರು. ಧಾರವಾಡದ್ದು ಮುಸಿಯಗಳ ದಟ್ಟಣೆಯಿಂದ ಉಂಟಾದ ವಿಕೃತಿ ಎಂದರು ಕೆಲವರು. 1970ರ ದಶಕದಲ್ಲಿ ರಾಜಸ್ಥಾನದ ಮೌಂಟ್ ಅಬುವಿನಲ್ಲಿ ಮುಸಿಯಗಳ ಜೊತೆ ದಿನ ಕಳೆದ ಸಾರಾ ಹರ್ಡಿ, ಇದು ವಿಕೃತಿಯಲ್ಲ, ತನ್ನ ಸಂತಾನ ಬೇಗ ಹುಟ್ಟಬೇಕೆಂಬ ಗಂಡಿನ ಲಾಭಕ್ಕೆ ನೈಸರ್ಗಿಕ ಆಯ್ಕೆ ಒಲಿದ ಫಲ ಎಂದು ವಾದಿಸಿದರು. ಆ ವಾದ ಬಹುಮಟ್ಟಿಗೆ ನಿಂತಿದೆ.

ಜನಪ್ರಿಯ ಬರಹಗಳು ಇಲ್ಲಿಂದ ಒಂದೇ ಸಾಲನ್ನು ಎತ್ತಿಕೊಂಡವು: ಗಂಡು ಹುಟ್ಟಾ ಕ್ರೂರಿ. ಹರ್ಡಿ ಕಂಡದ್ದು ಅಷ್ಟೇ ಆಗಿರಲಿಲ್ಲ. ಮುದಿ ಹೆಣ್ಣುಗಳು, ಇನ್ನು ಮರಿಹಾಕುವ ವಯಸ್ಸು ದಾಟಿದವು, ತಮ್ಮದಲ್ಲದ ಮರಿಗಾಗಿ ದಾಳಿಕೋರನ ಮೇಲೆ ಎರಗುವುದನ್ನು ಅವರು ಕಂಡರು. ಹೆಣ್ಣುಗಳು ಹೊರಗಿನ ಗಂಡುಗಳ ಜೊತೆಗೂ ಕೂಡಿ, ಮರಿ ಯಾರದ್ದೆಂಬುದನ್ನೇ ಗಂಡುಗಳಿಗೆ ತಿಳಿಯದಂತೆ ಮಾಡುವುದನ್ನು ಕಂಡರು. ಹುಟ್ಟಿದ ಮರಿ ಗುಂಪಿನ ಹೆಣ್ಣುಗಳ ತೋಳಿನಿಂದ ತೋಳಿಗೆ ಹೋಗುವುದನ್ನೂ ಕಂಡರು. ಈ ಕೊನೆಯದು ಅವರ ತಲೆಯಲ್ಲಿ ಉಳಿಯಿತು. ಮೂರು ದಶಕಗಳ ನಂತರ, 2009ರಲ್ಲಿ, ‘ಮದರ್ಸ್ ಅಂಡ್ ಅದರ್ಸ್’ ಪುಸ್ತಕದಲ್ಲಿ ಅವರು ಮನುಷ್ಯನ ವಿಕಾಸದ ಬಗ್ಗೆ ಬರೆದದ್ದು ಅಲ್ಲಿಂದ ಬೆಳೆದ ವಿಚಾರವನ್ನು.

ಈ ವಿಚಾರಕ್ಕೆ ಸಿಗಬೇಕಾದಷ್ಟು ಪ್ರಚಾರ ಸಿಕ್ಕಿಲ್ಲ. ಆದ್ದರಿಂದ ಇಲ್ಲಿ ತುಸು ನಿಲ್ಲಬೇಕು.

ಚಿಂಪಾಂಜಿ ತಾಯಿ ತನ್ನ ಎಳೆಗೂಸನ್ನು ತಿಂಗಳುಗಟ್ಟಲೆ ಬೇರೆ ಯಾರ ಕೈಗೂ ಕೊಡುವುದಿಲ್ಲ. ಬೇಟೆ-ಸಂಗ್ರಹಣೆಯಿಂದ ಬದುಕುವ ಮನುಷ್ಯ ಸಮುದಾಯಗಳಲ್ಲಿ ಕೂಸು ಹುಟ್ಟಿದ ದಿನದಿಂದಲೇ ಅಜ್ಜಿ, ಚಿಕ್ಕಮ್ಮ, ಅಕ್ಕ, ಅಪ್ಪ ಎಲ್ಲರ ಮಡಿಲನ್ನೂ ನೋಡುತ್ತದೆ. ಮಧ್ಯ ಆಫ್ರಿಕದ ಅಕಾ ಜನರಲ್ಲಿ ಅಪ್ಪಂದಿರು ದಿನದ ಸುಮಾರು ಅರ್ಧ ಕಾಲ ಕೂಸಿನ ಕೈಯಳತೆಯಲ್ಲೇ ಇರುತ್ತಾರೆಂದು ಬ್ಯಾರಿ ಹ್ಯೂಲೆಟ್ ದಾಖಲಿಸಿದ್ದಾರೆ. ಟಾಂಜಾನಿಯಾದ ಹಡ್ಜಾ ಜನರಲ್ಲಿ ಅಜ್ಜಿಯಂದಿರು ಗಟ್ಟಿ ನೆಲ ಅಗೆದು ಗೆಡ್ಡೆ ತರುವುದನ್ನು ಕ್ರಿಸ್ಟನ್ ಹಾಕ್ಸ್ ಮತ್ತು ಸಂಗಡಿಗರು ತೂಗಿ ಅಳೆದರು. ಹಾಲು ಬಿಟ್ಟ ಮೊಮ್ಮಕ್ಕಳ ತೂಕಕ್ಕೂ ಅಜ್ಜಿಯ ದುಡಿಮೆಗೂ ನೇರ ನಂಟಿತ್ತು. ಯಾಕೆ ಇಷ್ಟು ಜನ ಬೇಕು? ಮಿದುಳಿನ ಖರ್ಚೇ ಅಷ್ಟು. ವಯಸ್ಕರ ಮಿದುಳು ದೇಹದ ತೂಕದಲ್ಲಿ ಶೇ 2ರಷ್ಟು, ವಿಶ್ರಾಂತಿಯಲ್ಲಿ ದೇಹ ಬಳಸುವ ಶಕ್ತಿಯಲ್ಲಿ ಶೇ 20ರಷ್ಟು. ಐದು ವರ್ಷದ ಮಗುವಿನಲ್ಲಿ ದೇಹ ದಿನಕ್ಕೆ ಖರ್ಚು ಮಾಡುವ ಒಟ್ಟು ಶಕ್ತಿಯ ಶೇ 40ಕ್ಕೂ ಮೀರಿ ಮಿದುಳೇ ನುಂಗುತ್ತದೆ ಎಂದು 2014ರ ಅಧ್ಯಯನ ಲೆಕ್ಕ ಹಾಕಿತು. ಒಬ್ಬ ತಾಯಿ ಒಂಟಿಯಾಗಿ ಇಂಥ ಮಕ್ಕಳನ್ನು ಒಂದರ ಹಿಂದೆ ಒಂದು ಹೆತ್ತು ಸಾಕಲಾರಳು. ಹಂಚಿ ಸಾಕುವ ವಾನರರ ವಂಶದಲ್ಲಿ ಮಾತ್ರ ಇಂಥ ಮಿದುಳು ಬೆಳೆಯಲು ಅವಕಾಶವಿತ್ತು ಎಂಬುದು ಹರ್ಡಿ ಅವರ ವಾದ.

ಹುಟ್ಟುವಾಗ ನಮ್ಮ ಮಿದುಳು ವಯಸ್ಕ ಗಾತ್ರದ ಶೇ 30ಕ್ಕಿಂತ ಕಡಿಮೆ. ಚಿಂಪಾಂಜಿಯದ್ದು ಶೇ 40ರಷ್ಟು. ಉಳಿದದ್ದೆಲ್ಲ ಬೆಳಕು, ಮಾತು, ಮುಖ, ಜೋಗುಳಗಳ ನಡುವೆ ಬೆಳೆಯುತ್ತದೆ. ಹಣೆಯ ಹಿಂದಿನ ಭಾಗ ಪಕ್ವವಾಗಲು ಇಪ್ಪತ್ತು ವರ್ಷಗಳಾಚೆಗೂ ಬೇಕು. ಆ ಮಡಿಲುಗಳು ಇಲ್ಲವಾದರೆ ಏನಾಗುತ್ತದೆಂದು ರುಮೇನಿಯಾದಲ್ಲಿ ಜಗತ್ತು ನೋಡಿದೆ. ಸರ್ವಾಧಿಕಾರಿ ಚೌಷೆಸ್ಕು ಆಡಳಿತ ಉರುಳಿದ ಮೇಲೆ ಅಲ್ಲಿನ ಅನಾಥಾಲಯಗಳ ಬಾಗಿಲು ತೆರೆಯಿತು. ಉಂಡು, ಉಟ್ಟು, ಆದರೆ ಯಾರೂ ಎತ್ತಿಕೊಳ್ಳದೆ ಬೆಳೆದ ಸಾವಿರಾರು ಮಕ್ಕಳು. 2000ದಲ್ಲಿ ಬುಕಾರೆಸ್ಟಿನಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಅವರು ಆರಂಭಿಸಿದ ಅಧ್ಯಯನದಲ್ಲಿ 136 ಮಕ್ಕಳಲ್ಲಿ ಅರ್ಧದಷ್ಟನ್ನು ಸಾಕುಮನೆಗಳಿಗೆ ಕಳಿಸಲಾಯಿತು. ಎರಡು ವರ್ಷ ತುಂಬುವ ಮೊದಲೇ ಮನೆ ಸಿಕ್ಕ ಮಕ್ಕಳ ಮಿದುಳಿನ ವಿದ್ಯುತ್ ಚಟುವಟಿಕೆ, ಎಂಟನೆಯ ವಯಸ್ಸಿಗೆ, ಎಂದೂ ಅನಾಥಾಲಯ ಕಾಣದ ಮಕ್ಕಳದ್ದನ್ನು ಹೋಲುತ್ತಿತ್ತು. ತಡವಾಗಿ ಹೋದವರಲ್ಲಿ ಆ ಚೇತರಿಕೆ ಕಾಣಲಿಲ್ಲ. ಇತರರ ಸ್ಪರ್ಶ ಸಿಕ್ಕೇ ಸಿಗುತ್ತದೆ ಎಂದು ನಂಬಿಕೊಂಡು ಹುಟ್ಟುವ ಅಂಗವನ್ನು ವಿಕಾಸ ಮಾಡಿಟ್ಟಿದೆ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಶಿಲಾಯುಗದ ಮಿದುಳಿನ ಪ್ರತಿಪಾದಕರು ಇದನ್ನು ಬಿಟ್ಟು ಗುಲಾಬಿ ಬಣ್ಣಕ್ಕೆ ಜೋತುಬೀಳುತ್ತಾರೆ. 2007ರಲ್ಲಿ ಇಂಗ್ಲೆಂಡಿನ ಇಬ್ಬರು ಸಂಶೋಧಕರು ಹೆಂಗಸರು ಕೆಂಪಿನತ್ತ ವಾಲಿದ ಬಣ್ಣಗಳನ್ನು ಇಷ್ಟಪಡುತ್ತಾರೆಂದು ಕಂಡು, ಕಾಡಿನಲ್ಲಿ ಕೆಂಪು ಹಣ್ಣು ಆಯ್ದ ಅಭ್ಯಾಸವೇ ಇದಕ್ಕೆ ಕಾರಣವಿರಬಹುದು ಎಂದರು. ಪತ್ರಿಕೆಗಳು ‘ಇರಬಹುದು’ ಎಂಬುದನ್ನು ನುಂಗಿಹಾಕಿದವು. ಇದೇ ಪಾಶ್ಚಾತ್ಯ ಜಗತ್ತಿನಲ್ಲಿ, 1918ರಲ್ಲಿ, ಅಮೆರಿಕದ ಉಡುಪು ವ್ಯಾಪಾರದ ಪತ್ರಿಕೆಯೊಂದು ಗುಲಾಬಿ ಗಂಡುಮಕ್ಕಳಿಗೆ ಒಪ್ಪುತ್ತದೆ, ನೀಲಿ ಹೆಣ್ಣುಮಕ್ಕಳಿಗೆ ಎಂದು ಸಲಹೆ ಕೊಟ್ಟಿತ್ತು. ಕೊನೆಗೆ ಯಾರೋ ಇಂದಿಗೂ ಹಣ್ಣು ಆಯ್ದು ಬದುಕುವ ಹಡ್ಜಾ ಜನರನ್ನೇ ಕೇಳಿದರು. 2019ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಹಡ್ಜಾ ಗಂಡಸರಿಗೂ ಹೆಂಗಸರಿಗೂ ಬಣ್ಣದ ಆಯ್ಕೆಯಲ್ಲಿ ವ್ಯತ್ಯಾಸವಿಲ್ಲ.

ದಾರಿ ನೆನಪಿಡುವ, ಆಕಾರ ಜೋಡಿಸುವ ಗಂಡು ಮಿದುಳಿಗೂ ಉತ್ತರ ನಮ್ಮ ದೇಶದಲ್ಲೇ ಇದೆ. ಈಶಾನ್ಯ ಭಾರತದಲ್ಲಿ ಖಾಸಿ ಮತ್ತು ಕರ್ಬಿ ಜನ ನೆರೆಹೊರೆಯವರು, ಇಬ್ಬರದ್ದೂ ಭತ್ತದ ಬೇಸಾಯ. ಖಾಸಿಗಳಲ್ಲಿ ಆಸ್ತಿ ತಾಯಿಯಿಂದ ಕಿರಿಯ ಮಗಳಿಗೆ ಹೋಗುತ್ತದೆ. ಕರ್ಬಿಗಳಲ್ಲಿ ಹೆಂಗಸರಿಗೆ ಭೂಮಿಯ ಒಡೆತನವಿಲ್ಲ. ಮೋಶೆ ಹಾಫ್‌ಮನ್, ಉರಿ ಗ್ನೀಜಿ, ಜಾನ್ ಲಿಸ್ಟ್ ಎಂಬುವರು ಎಂಟು ಹಳ್ಳಿಗಳ 1,279 ಜನರಿಗೆ ನಾಲ್ಕು ತುಂಡಿನ ಒಗಟನ್ನು ಜೋಡಿಸಲು ಕೊಟ್ಟರು. 2011ರಲ್ಲಿ ಫಲಿತಾಂಶ ಪ್ರಕಟವಾಯಿತು. ಕರ್ಬಿ ಗಂಡಸರಿಗೆ ಹಿಡಿದ ಸಮಯ ಅಲ್ಲಿನ ಹೆಂಗಸರಿಗೆ ಹಿಡಿದದ್ದಕ್ಕಿಂತ ಮೂರನೆಯ ಒಂದು ಪಾಲಿಗೂ ಮೀರಿ ಕಡಿಮೆಯಿತ್ತು. ಖಾಸಿಗಳಲ್ಲಿ ಗಂಡು-ಹೆಣ್ಣಿನ ಅಂತರ ಮಾಯವಾಗಿತ್ತು. ಶಿಲಾಯುಗ ಖಾಸಿ ಬೆಟ್ಟದ ಬುಡದಲ್ಲಿ ಬಂದು ನಿಂತುಬಿಟ್ಟಿತೆ? ಪಟ್ಟಾ ಯಾರ ಹೆಸರಿನಲ್ಲಿದೆ, ಶಾಲೆಗೆ ಯಾರು ಹೋಗುತ್ತಾರೆ ಎಂಬುದು ಆ ಒಗಟಿನ ಮೇಲೆ ಆಡುವ ಬೆರಳುಗಳಿಗೂ ತಲುಪುತ್ತದೆ.

ಹಳೆಯ ಭಾಗ ಬದಲಾಗದು ಎಂಬ ನಂಬಿಕೆಯನ್ನು ಲಖನೌ ಸುತ್ತಲಿನ ಹಳ್ಳಿಗಳ ಹೆಂಗಸರು ಒಡೆದಿದ್ದಾರೆ. ಬರವಣಿಗೆ ಮನುಷ್ಯನಿಗೆ ಸಿಕ್ಕಿ ಸುಮಾರು 5,000 ವರ್ಷ. ಓದುವುದಕ್ಕೆಂದೇ ಮಿದುಳಿನಲ್ಲಿ ಒಂದು ಭಾಗ ವಿಕಾಸಗೊಳ್ಳಲು ಆ ಕಾಲ ಸಾಲದು. ಭಾರತದ ಮತ್ತು ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ವಿಜ್ಞಾನಿಗಳು ಅಕ್ಷರ ಬಾರದ, ಮೂವತ್ತರ ಆಸುಪಾಸಿನ, ಹೆಚ್ಚಿನವರು ಹೆಂಗಸರೇ ಆಗಿದ್ದ ಗುಂಪಿಗೆ ಆರು ತಿಂಗಳು ದೇವನಾಗರಿ ಕಲಿಸಿದರು. ಮೊದಲೂ ನಂತರವೂ ಅವರ ಮಿದುಳಿನ ಚಿತ್ರ ತೆಗೆದರು. ಬದಲಾವಣೆ ಹೊರ ತೊಗಟೆಯಲ್ಲಷ್ಟೇ ಇರುತ್ತದೆಂದು ನಿರೀಕ್ಷೆಯಿತ್ತು. 2017ರಲ್ಲಿ ಪ್ರಕಟವಾದ ಫಲಿತಾಂಶ ತೋರಿಸಿದ್ದು ಮಿದುಳಕಾಂಡದ ಮತ್ತು ಥಾಲಮಸ್‌ನ ಭಾಗಗಳು, ಅಂದರೆ ತರಬೇತಿ ಚಿತ್ರಗಳಲ್ಲಿ ಹಲ್ಲಿಯ ಬಣ್ಣ ಬಳಿಯುವ ಆಳದ ಜಾಗಗಳು, ದೃಷ್ಟಿಯ ತೊಗಟೆಯೊಂದಿಗೆ ಹೊಸ ಹೊಂದಾಣಿಕೆಯಲ್ಲಿ ದುಡಿಯತೊಡಗಿದ್ದನ್ನು. ಪಾಠಕ್ಕೆ ಬಂದ ಹೆಂಗಸರು ‘ಕ, ಖ’ ಕಲಿತಾಗ ಕೋಟ್ಯಂತರ ವರ್ಷ ಹಳೆಯ ನರಜಾಲ ತನ್ನ ಕೆಲಸದ ರೀತಿಯನ್ನು ಬದಲಿಸಿಕೊಂಡಿತು. ವಯಸ್ಕರ ಶಿಕ್ಷಣಕ್ಕೆ ಹಣ ಕಡಿತ ಮಾಡುವವರು ಈ ಚಿತ್ರಗಳನ್ನು ಒಮ್ಮೆ ನೋಡಬೇಕು.

ಒಂದು ಆಕ್ಷೇಪಣೆಗೆ ಉತ್ತರ ಕೊಡಲೇಬೇಕು. ಹಾಗಾದರೆ ಮನುಷ್ಯ ಬರೀ ಖಾಲಿ ಹಲಗೆಯೇ, ವಂಶವಾಹಿಗಳಿಗೆ ಪಾತ್ರವೇ ಇಲ್ಲವೇ? ಇದೆ. ಸಿಹಿಯ ಆಸೆ, ಹಾವಿನ ಆಕಾರಕ್ಕೆ ತಟ್ಟನೆ ಎಚ್ಚರಗೊಳ್ಳುವ ಕಣ್ಣು, ಕೂಸಿನ ಅಳುವಿಗೆ ಕಲಕುವ ಕರುಳು, ಮಾತು ಕಲಿಯುವ ತವಕ, ಇವೆಲ್ಲ ವಿಕಾಸದ ಕೊಡುಗೆ. ಹೊಟ್ಟೆಕಿಚ್ಚು, ಗುಂಪುಗಾರಿಕೆ, ಹಿಂಸೆಯ ಸಾಮರ್ಥ್ಯವೂ ಅಲ್ಲಿಂದಲೇ ಬಂದವು. ವಿವಾದವಿರುವುದು ‘ಸಾಮರ್ಥ್ಯ’ವನ್ನು ‘ವಿಧಿ’ಯಾಗಿ ಓದುವುದರಲ್ಲಿ. ವಿಕಾಸ ಶಿಲಾಯುಗದಲ್ಲಿ ನಿಂತಿಲ್ಲ ಎಂಬುದಕ್ಕೆ ದೊಡ್ಡವರಾದ ಮೇಲೂ ಹಾಲು ಅರಗಿಸಿಕೊಳ್ಳುವ ಶಕ್ತಿಯೇ ಸಾಕ್ಷಿ. ದನ ಸಾಕಿದ ಮೇಲೆ, ಕಳೆದ ಹತ್ತು ಸಾವಿರ ವರ್ಷಗಳೊಳಗೆ, ಅದು ಹರಡಿತು. ಭಾರತದಲ್ಲಿ ಮತ್ತು ಯುರೋಪಿನಲ್ಲಿ ಇದಕ್ಕೆ ಕಾರಣವಾದ ವಂಶವಾಹಿ ಬದಲಾವಣೆ ಒಂದೇ, ಪೂರ್ವ ಆಫ್ರಿಕದಲ್ಲಿ ಬೇರೆಯವು. ನಮ್ಮ ದೂರದ ಬಂಧುಗಳೂ ಹಳೆಯ ಓಲೆ ಓದಿಕೊಂಡು ಬದುಕುತ್ತಿಲ್ಲ. ಬಂಡೀಪುರದ ಕೋತಿಗಳು ಮನುಷ್ಯರ ಮುಂದೆ ಕೈಚಾಚಿ, ವಿಶೇಷ ದನಿ ತೆಗೆದು ತಿಂಡಿ ಕೇಳುವುದನ್ನು ಅನಿಂದ್ಯ ಸಿನ್ಹಾ ಮತ್ತು ಅವರ ಸಹೋದ್ಯೋಗಿಗಳು 2018ರಲ್ಲಿ ದಾಖಲಿಸಿದರು. ಕಾಡಿನ ಹೊಸ ಸಂದರ್ಭಕ್ಕೆ ಕೋತಿ ಹೊಸ ಸನ್ನೆ ಕಂಡುಕೊಳ್ಳಬಲ್ಲದು. ಮನುಷ್ಯ ಮಾತ್ರ ಗುಹೆಯಿಂದ ಹೊರಬರಲಾರ ಎನ್ನುವುದು ಎಂಥ ವಾದ?

ಇದು ಪಂಡಿತರ ಜಗಳವಾಗಿಯೇ ಉಳಿದಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. 2000ದಲ್ಲಿ ರ‍್ಯಾಂಡಿ ಥಾರ್ನ್‌ಹಿಲ್ ಮತ್ತು ಕ್ರೇಗ್ ಪಾಮರ್ ಅತ್ಯಾಚಾರವನ್ನು ಗಂಡಿನ ಸಂತಾನ ತಂತ್ರದ ಬೆಳಕಿನಲ್ಲಿ ವಿವರಿಸುವ ಪುಸ್ತಕ ಬರೆದರು. ಅತ್ಯಾಚಾರಕ್ಕೆ ಗುರಿಯಾಗುವವರಲ್ಲಿ ಎಳೆಯ ಮಕ್ಕಳಿದ್ದಾರೆ, ವೃದ್ಧೆಯರಿದ್ದಾರೆ, ಗಂಡಸರಿದ್ದಾರೆ. ಅವರ ವಿಚಾರದಲ್ಲಿ ಆ ವಾದಕ್ಕೆ ಅರ್ಥವೇ ಇಲ್ಲವೆಂದು ಜೀವವಿಜ್ಞಾನಿಗಳೇ ಬೆಟ್ಟುಮಾಡಿದರು. ಆ ಪುಸ್ತಕವನ್ನು ಓದದವರ ಬಾಯಲ್ಲೂ ಅದರ ಸಾರ ಇಂದು ಸಲೀಸಾಗಿ ಬರುತ್ತದೆ. ದೌರ್ಜನ್ಯದ ಸುದ್ದಿಯ ಕೆಳಗೆ ‘ಗಂಡಸಿನ ಪ್ರಕೃತಿ’ ಎಂದು ಬರೆಯುವವರು, ಹೆಣ್ಣುಮಕ್ಕಳು ಗಣಿತಕ್ಕೆ ಹೋಗದಿರುವುದಕ್ಕೆ ಹಾರ್ಮೋನು ತೋರಿಸುವವರು, ಜಾತಿಯ ಬೇಲಿಗೆ ‘ತನ್ನವರನ್ನು ಕಾಪಾಡುವ ಸಹಜ ಪ್ರವೃತ್ತಿ’ ಎಂದು ಹೆಸರಿಡುವವರು, ಎಲ್ಲರೂ ಡಾರ್ವಿನ್ನನ ಹೆಸರು ಹೇಳುತ್ತಾರೆ. 1871ರ ತನ್ನ ಪುಸ್ತಕದಲ್ಲಿ ಡಾರ್ವಿನ್ ಮನುಷ್ಯನ ನೈತಿಕ ಪ್ರಜ್ಞೆಯನ್ನು ಪ್ರಾಣಿಗಳ ಸಂಘಜೀವನದ ಪ್ರವೃತ್ತಿಗಳಲ್ಲಿ ಹುಡುಕಿದ್ದ. ಸಹಾನುಭೂತಿಯೂ ವಿಕಾಸದ ಕೂಸೇ ಎಂದಿದ್ದ. ಆ ಅಧ್ಯಾಯಗಳು ಇವರ ಕೈಗೆ ಸಿಕ್ಕಂತಿಲ್ಲ. ಇರಾಕಿನ ಶಾನಿದಾರ್ ಗುಹೆಯಲ್ಲಿ ಸಿಕ್ಕ ನಿಯಾಂಡರ್ಥಲ್ ಮುದುಕನ ಬಲತೋಳು ಮೊಣಕೈಯಿಂದ ಕೆಳಗೆ ಇರಲಿಲ್ಲ, ಒಂದು ಕಣ್ಣಿನ ಬಳಿ ಬುರುಡೆ ಜಜ್ಜಿತ್ತು. ಗಾಯಗಳು ಮಾಗಿ ಅವನು ಅನೇಕ ವರ್ಷ ಬದುಕಿದ್ದ. ಯಾರೋ ಅವನಿಗೆ ಉಣಿಸಿದ್ದರು. ಗುಹೆಯ ಬಗ್ಗೆ ಮಾತಾಡುವುದಿದ್ದರೆ ಈ ಗುಹೆಯ ಬಗ್ಗೆಯೂ ಮಾತಾಡಬೇಕು.

ಇದನ್ನೆಲ್ಲ ಕಲಿಸಬೇಕಾದದ್ದು ಶಾಲೆ. ಆದರೆ 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಪಾಠವನ್ನು ತೆಗೆದುಹಾಕಿತು. ‘ಅನುವಂಶೀಯತೆ ಮತ್ತು ವಿಕಾಸ’ ಎಂದಿದ್ದ ಅಧ್ಯಾಯ ‘ಅನುವಂಶೀಯತೆ’ ಎಂದಷ್ಟೇ ಉಳಿಯಿತು. 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರ ಬರೆದು ಪ್ರತಿಭಟಿಸಿದರು. ಹನ್ನೆರಡನೆಯ ತರಗತಿಯಲ್ಲಿ ಪಾಠ ಇದೆ ಎಂಬುದು ಸಮಜಾಯಿಷಿ. ಹತ್ತರ ನಂತರ ವಾಣಿಜ್ಯ, ಕಲೆ, ಐಟಿಐ, ಡಿಪ್ಲೊಮಾಗೆ ಹೋಗುವ, ಓದು ಬಿಡುವ ಮಕ್ಕಳಿಗೆ ಆ ಪಾಠ ಎಂದೂ ಸಿಗುವುದಿಲ್ಲ. ಅವರಿಗೆ ವಿಕಾಸವಾದ ತಲುಪುವುದು ಹಲ್ಲಿಯ ಚಿತ್ರ ಹಿಡಿದ ಭಾಷಣಕಾರರ ಮೂಲಕ, ಗುಹೆಯ ಗಂಡಸಿನ ವಿಡಿಯೊಗಳ ಮೂಲಕ. ಆ ಅಧ್ಯಾಯ ಹತ್ತನೆಯ ತರಗತಿಗೆ ಮರಳಬೇಕು, ಟೌಂಗ್ ಮಗುವಿನ ಹದ್ದೂ ಹಡ್ಜಾ ಅಜ್ಜಿಯ ಗೆಡ್ಡೆಯೂ ಧಾರವಾಡದ ಮುಸಿಯವೂ ಅದರಲ್ಲಿ ಇರಬೇಕು. ಅಲ್ಲಿಯವರೆಗೆ ಜೀವವಿಜ್ಞಾನ ಬಲ್ಲ ಪ್ರತಿಯೊಬ್ಬ ಕನ್ನಡ ಮೇಷ್ಟ್ರೂ ಮೇಡಮ್ಮೂ, ಪಠ್ಯದಲ್ಲಿ ಇರಲಿ ಬಿಡಲಿ, ಒಂದು ಪೀರಿಯಡ್ಡನ್ನು ಇದಕ್ಕಾಗಿ ತೆಗೆದಿಡಲಿ.